ಘಮ ಕೊನೇಲಿ ಆರಿಸಿ: ಬಟ್ಟೆ ಒಗೆಯೋಕೆ ಶುರು ಮಾಡಿರೋ ಗಂಡಸರಿಗೆ ಸೋಪು, ಪೌಡರ್, ಲಿಕ್ವಿಡ್, ಕಂಡೀಷನರ್, ಪರಿಮಳದ ಹರಳು, ಯಾವ್ದು ಯಾರಿಗೆ

ನಮ್ಮಪ್ಪಂಗೆ ಈಗ 71. ಅದ್ರಲ್ಲಿ 69 ವರ್ಷ ಒಂದು ಬನಿಯನ್ ಕೂಡ ಸ್ವಂತ ಒಗೆದವ್ರಲ್ಲ, ಸ್ನಾನ ಮಾಡಿ ಪಂಚೆ ಬನಿಯನ್ ಬಚ್ಚಲಲ್ಲೇ ಬಿಟ್ಟು ಬರ್ತಿದ್ರು, ಮಾರನೇ ದಿನ ಅದು ಮಡಚಿಕೊಂಡು ಬೀರುವಲ್ಲಿ ಇರ್ತಿತ್ತು, ನಡುವೆ ಏನಾಯ್ತು ಅಂತ ಅಪ್ಪ ಕೇಳಿದ್ದೂ ಇಲ್ಲ ಅಮ್ಮ ಹೇಳಿದ್ದೂ ಇಲ್ಲ. ಎರಡು ವರ್ಷದ ಹಿಂದೆ ಅಮ್ಮನ ಎರಡೂ ಮಂಡಿ ಆಪರೇಷನ್ ಆಯ್ತು. ದಾವಣಗೆರೆ ಮನೇಲಿ ವಾಷಿಂಗ್ ಮೆಷಿನ್ ಇರೋದು ಮಹಡಿ ಮೇಲೆ, ಮೆಟ್ಲು ಹತ್ತೋಕೆ ಅಮ್ಮಂಗೆ ಆಗಲ್ಲ. ಮೊದಲ ವಾರ ನಾನು ಒಗೆದೆ, ಎರಡನೇ ವಾರ ರಜೆ ಮುಗಿದು ಬೆಂಗ್ಳೂರಿಗೆ ವಾಪಸ್ ಬಂದೆ, ಮೂರನೇ ವಾರ ಅಪ್ಪ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ಲೇ, ಆ ಹೂವಿನ ಚಿತ್ರ ಇರೋ ಖಾನೆಗೆ ಏನು ಹಾಕ್ಬೇಕೋ?"

ಆ ಖಾನೆಗೆ ಹಾಕೋದು ಫ್ಯಾಬ್ರಿಕ್ ಕಂಡೀಷನರ್. ಹೇಳ್ದೆ, ಹಾಕಿದ್ರು, ಅವತ್ತಿಂದ ಆ ಮನೇಲಿ ಬಟ್ಟೆ ಕೆಲ್ಸ ಅಪ್ಪಂದೇ. ಊರಿಗೆ ಹೋದಾಗ ನಾನು ನಿಂತು ನೋಡ್ತೀನಿ. ಕನ್ನಡಕ ಹಣೆ ಮೇಲೆ ಏರಿಸ್ಕೊಂಡು, ನೀಲಿ ಬಾಟ್ಲಿ ಮುಚ್ಚಳಕ್ಕೆ ಗೆರೆವರೆಗೆ ಸುರಿದು, ಮುಚ್ಚಳ ಮೂಗಿನ ಹತ್ರ ತಂದು ಒಂದ್ಸಲ ಮೂಸಿ, ಆಮೇಲೆ ಖಾನೆಗೆ ಹಾಕಿ, ಉಳಿದಿರೋ ಹನೀನ ಅಂಚಿಗೆ ಎರಡ್ಸಲ ತಟ್ತಾರೆ. ಕೆಳಗಿಂದ ಅಮ್ಮ "ಬಣ್ಣದ್ದು ಬೇರೆ ಮಾಡಿದ್ರಾ?" ಅಂತ ಕೂಗ್ತಾರೆ, "ಮಾಡೀನಿ ಮಾರಾಯ್ತಿ" ಅಂತ ಅಪ್ಪ.

ನನ್ನ ಫ್ರೆಂಡ್ಸಲ್ಲೂ ಇದೇ ನೋಡ್ತಿದೀನಿ. ಹತ್ತು ಹದಿನೈದು ವರ್ಷದ ಹಿಂದೆ ಪೀಜೀಲಿ ಇದ್ದಾಗ ಯಾವ ಪೌಡರ್ ಅಂತ ಯಾರೂ ಮಾತಾಡ್ತಿರ್ಲಿಲ್ಲ, ಅಂಗಡಿಯವ್ನು ಕೊಟ್ಟಿದ್ದು ತಗೊಂಡು ಬರ್ತಿದ್ವಿ, ಈಗ ಅದೇ ಹುಡುಗ್ರು ಲ್ಯಾವೆಂಡರ್ ಚೆನ್ನಾಗಿದ್ಯಾ ಸ್ಯಾಂಡಲ್ ಚೆನ್ನಾಗಿದ್ಯಾ ಅಂತ ಕೇಳ್ತಾರೆ. ಗಂಡಸರು ಒಗೆಯೋ ಕೆಲ್ಸಕ್ಕೆ ಘಮದ ದಾರೀಲಿ ಬರ್ತಿದಾರೆ ಅಂತ ನಂಗೆ ಅನ್ಸತ್ತೆ, ಬರ್ಲಿ, ಯಾವ ದಾರೀಲಿ ಬಂದ್ರೂ ಒಳ್ಳೇದೇ. ಆದ್ರೆ ಘಮದಿಂದ ಶುರು ಮಾಡಿದ್ರೆ ದುಡ್ಡೂ ಹೋಗತ್ತೆ ಬಟ್ಟೇನೂ ಹಾಳಾಗತ್ತೆ. ನಾನು ಹೇಳೋದು ಇಷ್ಟು: ಮೊದ್ಲು ನಿಮ್ಮ ನೀರು ಹೇಗಿದೆ ನೋಡಿ, ಆಮೇಲೆ ನಿಮ್ಮ ಬಟ್ಟೆ ಎಂಥದು ನೋಡಿ, ಆಮೇಲೆ ಬಕೆಟ್ಟಾ ಮೆಷಿನ್ನಾ ನೋಡಿ, ಘಮ ಕೊನೇಲಿ ಆರಿಸಿ.

ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಬಟ್ಟೆ ಒಗೆಯೋದು ಹೆಂಗಸರ ಕೆಲ್ಸ ಅನ್ನೋದು ನಮ್ಮ ಊರಲ್ಲಿ ಯಾವತ್ತೂ ಪೂರ್ತಿ ನಿಜ ಆಗಿರ್ಲಿಲ್ಲ. 12ನೇ ಶತಮಾನದಲ್ಲಿ ಶರಣರ ಬಟ್ಟೆ ಮಡಿ ಮಾಡ್ತಿದ್ದ ಮಡಿವಾಳ ಮಾಚಿದೇವರು ಗಂಡಸೇ. ಮಲ್ಲೇಶ್ವರದ ದೋಭಿ ಘಾಟಿಗೆ ಹೋಗಿ ನೋಡಿ, ಅಲ್ಲಿ ಬಟ್ಟೆ ಒಗೆಯೋರಲ್ಲಿ ಗಂಡಸರೂ ಇದಾರೆ. ಚೌಳು ಮಣ್ಣು ಹಾಕಿ, ಉಬ್ಬೆಗೆ ಇಟ್ಟು ಅಂದ್ರೆ ಹಬೇಲಿ ಬೇಯಿಸಿ, ನೀಲಿ ಗಂಜಿ ಮಾಡಿ ಕೊಡೋ ವಿದ್ಯೆ ಇಡೀ ಮನೆತನಕ್ಕೆ ಗೊತ್ತಿತ್ತು. ದುಡಿಮೆ ಆದಾಗ ಗಂಡಸೂ ಒಗೀತಿದ್ದ, ಮನೆ ಬಟ್ಟೆ ಅಂದ ತಕ್ಷಣ ಅದು ಹೆಂಡ್ತಿ ಪಾಲಿಗೆ ಹೋಗ್ತಿತ್ತು. ಟೀವೀಲಿ ಸರ್ಫ್ ಪೌಡರ್ ಆರಿಸ್ತಿದ್ದೋರು ಹಳೇ ಜಾಹೀರಾತಿನ ಗೃಹಿಣಿ ಲಲಿತಾಜಿ, ಅವ್ರ ಗಂಡ ಅಲ್ಲ. 2015ರಲ್ಲಿ ಏರಿಯಲ್‌ನೋರು "ಶೇರ್ ದ ಲೋಡ್" ಅಂತ ಜಾಹೀರಾತು ಶುರು ಮಾಡಿ, ಬಟ್ಟೆ ಒಗೆಯೋದು ಹೆಂಗಸಿನ ಕೆಲ್ಸ ಮಾತ್ರನಾ ಅಂತ ನೇರವಾಗೇ ಕೇಳಿದ್ರು. ಅದಾಗಿ ನಾಲ್ಕು ವರ್ಷಕ್ಕೆ, 2019ರಲ್ಲಿ ಕೇಂದ್ರ ಸರ್ಕಾರ ಮಾಡಿಸಿದ ಸಮಯ ಬಳಕೆ ಸಮೀಕ್ಷೇಲಿ ಏನು ಬಂತು ಗೊತ್ತಾ, ಒಂದು ದಿನದಲ್ಲಿ ಸಂಬಳ ಇಲ್ಲದ ಮನೆಗೆಲ್ಸ ಮಾಡಿದ ಹೆಂಗಸರು ಶೇ. 81, ಗಂಡಸರು ಶೇ. 26. ಮಾಡಿದ ಹೆಂಗಸರು ದಿನಕ್ಕೆ 299 ನಿಮಿಷ, ಮಾಡಿದ ಗಂಡಸರು 97 ನಿಮಿಷ. ಅದ್ಕೇ ಹೇಳೋದು, ಬಾಟ್ಲಿ ಯಾವ್ದು ಅನ್ನೋ ಪ್ರಶ್ನೆ ಸಣ್ಣದಲ್ಲ, ಅದನ್ನ ಕೇಳೋಕೆ ಶುರು ಮಾಡಿದೋನು ಮುಂದೆ ಕಾಲರ್ ಉಜ್ಜೋದನ್ನೂ ಕಲೀತಾನೆ.

ಮೊದಲು ನೀರು

ಬೆಂಗ್ಳೂರಲ್ಲಿ ಇರೋರಿಗೆ ಇದು ಗೊತ್ತೇ ಇದೆ, ಕಾವೇರಿ ನೀರು ಬೇರೆ ಬೋರ್ ನೀರು ಬೇರೆ. ಬೋರ್ ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಸ್ತಿ, ನಲ್ಲಿ ಬಾಯಿಗೆ ಬಿಳಿ ಕಟ್ಟತ್ತಲ್ಲ ಅದೇ. ಈ ಗಡಸು ನೀರಿಗೆ ಹಳೇ ಕಾಲದ ಸಾಬೂನು ಹಾಕಿದ್ರೆ ನೊರೆ ಬರೋ ಬದಲು ಮೊಸರು ಒಡೆದ ಹಾಗೆ ಬಿಳಿ ಗಸಿ ಆಗತ್ತೆ, ಅದು ಬಟ್ಟೆಗೆ ಅಂಟ್ಕೊಳತ್ತೆ, ಬಿಳಿ ಬನಿಯನ್ ಬೂದಿ ಬಣ್ಣಕ್ಕೆ ತಿರುಗೋಕೆ ಅದೂ ಒಂದು ಕಾರಣ. ಡಿಟರ್ಜೆಂಟ್ ಅಷ್ಟು ಬೇಗ ಸೋಲಲ್ಲ, ಆದ್ರೂ ಗಡಸು ನೀರಲ್ಲಿ ಸ್ವಲ್ಪ ಜಾಸ್ತಿ ಬೇಕಾಗತ್ತೆ.

ನಿಮ್ಮ ನೀರು ಹೇಗಿದೆ ಅಂತ ನೋಡೋಕೆ ಯಾವ ಮೆಷಿನ್ನೂ ಬೇಡ. ಒಂದು ಪಾರದರ್ಶಕ ಬಾಟ್ಲಿಗೆ ಅರ್ಧ ನೀರು ಹಾಕಿ, ಚೂರು ಮೈಸೋಪು ತುರಿದು ಹಾಕಿ, ಮುಚ್ಚಿ ಜೋರಾಗಿ ಕುಲುಕಿ. ಮೇಲೆ ಗಟ್ಟಿ ನೊರೆ ನಿಂತು ಕೆಳಗೆ ನೀರು ತಿಳಿಯಾಗಿದ್ರೆ ಮೆದು ನೀರು, ನೊರೆ ಇಲ್ದೆ ನೀರು ಹಾಲಿನ ತರ ಆದ್ರೆ ಗಡಸು. ಗಡಸು ಅಂದ್ರೆ ಪೌಡರ್ ತಗೊಳ್ಳಿ, ಅದ್ರಲ್ಲಿ ವಾಷಿಂಗ್ ಸೋಡಾ ಇರತ್ತೆ, ನೀರಿನ ಗಡಸನ್ನ ಸ್ವಲ್ಪ ಮುರಿಯತ್ತೆ. ನಮ್ಮಪ್ಪ ಅಮ್ಮಂಗೆ ಈ ತಲೆಬಿಸಿ ಕಮ್ಮಿ, ದಾವಣಗೆರೆಗೆ ಕುಂದವಾಡ ಕೆರೆಗೆ ಬರೋ ಭದ್ರಾ ನಾಲೆ ನೀರು, ನೊರೆ ಚೆನ್ನಾಗೇ ಬರತ್ತೆ. ಬೆಂಗ್ಳೂರಲ್ಲಿ ನಾನಿರೋ ಅಪಾರ್ಟ್‌ಮೆಂಟಲ್ಲಿ ಬೇಸಿಗೇಲಿ ಬರೀ ಟ್ಯಾಂಕರ್. ಅಪ್ಪ ಹಾಕೋ ಅದೇ ಪೌಡರ್ ಅದೇ ಅಳತೇಲಿ ನಾನು ಹಾಕಿದ್ರೆ ಅದೇ ಫಲ ಬರಲ್ಲ.

ಸೋಪು, ಪೌಡರ್, ಲಿಕ್ವಿಡ್

ಬಾರ್ ಸೋಪಿನ ಬಗ್ಗೆ ಈಗ ಯಾರೂ ಮಾತಾಡಲ್ಲ, ಆದ್ರೆ ಕಾಲರಿಗೂ ತೋಳಿನ ಪಟ್ಟಿಗೂ ಪ್ಯಾಂಟಿನ ಕೆಳ ಅಂಚಿಗೂ ಅದ್ರಷ್ಟು ಚೆನ್ನಾಗಿ ಕೆಲ್ಸ ಮಾಡೋದು ಇನ್ನೊಂದಿಲ್ಲ, ಕೈಯಲ್ಲಿ ಹಿಡಿದು ಬೇಕಾದ ಜಾಗಕ್ಕಷ್ಟೇ ಉಜ್ಜಬಹುದು. ಬಕೆಟಲ್ಲಿ ಒಗೆಯೋರ ಮನೇಲಿ ಒಂದು ಬಾರ್ ಇರಲೇಬೇಕು.

ಪೌಡರ್ 1959ರಲ್ಲಿ ಸರ್ಫ್ ಜೊತೆ ನಮ್ಮ ದೇಶದ ಮನೆಗಳಿಗೆ ಬಂತು, 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲ್ ನಿರ್ಮಾ ಮಾಡಿ ಸೈಕಲ್ ಮೇಲೆ ಮನೆಮನೆಗೆ ಮಾರಿದ ಮೇಲೆ ಬಡವರ ಬಚ್ಚಲಿಗೂ ಬಂತು. ಇವತ್ತಿಗೂ ಬಿಳಿ ಬಟ್ಟೆಗೆ, ಮಣ್ಣು ಕೊಳೆಗೆ, ಕೆಲಸಕ್ಕೆ ಹೋಗೋರ ಯೂನಿಫಾರ್ಮಿಗೆ ಪೌಡರೇ ಮೇಲು. ಒಳ್ಳೇ ಪೌಡರಲ್ಲಿ ಆಮ್ಲಜನಕ ಬಿಟ್ಟು ಕಲೆ ತೆಗೆಯೋ ಬ್ಲೀಚ್ ಇರಬಹುದು, ಅದು ಲಿಕ್ವಿಡಲ್ಲಿ ಸಾಮಾನ್ಯವಾಗಿ ಇರಲ್ಲ, ಯಾಕಂದ್ರೆ ನೀರಲ್ಲಿ ಬೆರೆಸಿ ಇಟ್ರೆ ಉಳಿಯಲ್ಲ. ಪೌಡರಿನ ತೊಂದ್ರೆ ಏನಂದ್ರೆ ತಣ್ಣೀರಲ್ಲಿ, ಚಿಕ್ಕ ಸೈಕಲಲ್ಲಿ ಪೂರ್ತಿ ಕರಗಲ್ಲ, ಕಪ್ಪು ಟೀಶರ್ಟ್ ಮೇಲೆ ಬಿಳಿ ಚುಕ್ಕೆ ಚುಕ್ಕೆ ಉಳಿಯತ್ತೆ. ಒಂದು ಮಗ್ ಬಿಸಿನೀರಲ್ಲಿ ಕದಡಿ ಹಾಕಿದ್ರೆ ಇದು ಹೋಗತ್ತೆ.

ಲಿಕ್ವಿಡ್ ಯಾರಿಗೆ? ಮೆಷಿನ್ ಇರೋರಿಗೆ, ಗಾಢ ಬಣ್ಣದ ಬಟ್ಟೆ ಜಾಸ್ತಿ ಇರೋರಿಗೆ, ಆಫೀಸಿನ ಎಸಿಯಲ್ಲಿ ಕೂತು ಮಣ್ಣು ತಾಗಿಸ್ಕೊಳದೇ ಬರೀ ಬೆವರು ಜಿಡ್ಡು ಮಾಡ್ಕೊಳ್ಳೋರಿಗೆ. ಎಣ್ಣೆ ಕಲೆಗೆ ನೇರವಾಗಿ ಹಚ್ಚಿ ಕಾಲು ಗಂಟೆ ಬಿಟ್ಟು ಹಳೇ ಟೂತ್‌ಬ್ರಷ್ಷಲ್ಲಿ ಉಜ್ಜಬಹುದು. ಕಾಲರಲ್ಲಿ ಕೂರೋ ಕಪ್ಪು ಗೆರೆ ಬರೀ ಧೂಳಲ್ಲ, ಮೈ ಜಿಡ್ಡು ಮತ್ತೆ ಸತ್ತ ಚರ್ಮ, ಅದನ್ನ ಲಿಕ್ವಿಡ್ ಚೆನ್ನಾಗಿ ಬಿಡಿಸತ್ತೆ.

ರೇಷ್ಮೆ ಪಂಚೆ ಶಲ್ಯ, ಉಣ್ಣೆ ಸ್ವೆಟರ್, ಇವಕ್ಕೆ ಎರಡೂ ಬೇಡ. ಈಗಿನ ಡಿಟರ್ಜೆಂಟಲ್ಲಿ ಪ್ರೋಟೀನ್ ಕಲೆ ಒಡೆಯೋ ಎಂಜೈಮ್ ಹಾಕಿರ್ತಾರೆ, ರಕ್ತದ ಕಲೆ ಮೊಟ್ಟೆ ಕಲೆ ಹೋಗೋದು ಅದ್ರಿಂದ, ಆದ್ರೆ ರೇಷ್ಮೆ ಉಣ್ಣೆ ಕೂಡ ಪ್ರೋಟೀನೇ, ಕಲೆ ಜೊತೆ ಬಟ್ಟೇನೂ ಸವೀತಾ ಬರತ್ತೆ. ಉಣ್ಣೆಗೆ ಅಂತಾನೇ ಸಿಗೋ ಮೆದು ಲಿಕ್ವಿಡ್ ತಗೊಳ್ಳಿ, ಇಲ್ಲಾ ಅಜ್ಜಿ ಕಾಲದ ಅಂಟುವಾಳಕಾಯಿ ನೆನೆಸಿದ ನೀರು, ಅದು ಇವತ್ತಿಗೂ ರೇಷ್ಮೆಗೆ ಒಳ್ಳೇದೇ.

ಕಂಡೀಷನರ್: ಎಲ್ರಿಗೂ ಇಷ್ಟ, ಎಲ್ಲಾ ಬಟ್ಟೆಗೂ ಅಲ್ಲ

ನಮ್ಮ ಕಡೆ ಯಾವ ಕಂಪನಿದೇ ಆಗ್ಲಿ ಕಂಫರ್ಟ್ ಅಂತಾನೇ ಕರೀತಾರೆ. ಗಂಡಸರು ಹೆಚ್ಚು ಮೋಸ ಹೋಗೋದೂ ಹೆಚ್ಚು ಖುಷಿ ಪಡೋದೂ ಇಲ್ಲೇ, ಅದ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ.

ಕಂಡೀಷನರ್ ಬಟ್ಟೆ ಒಗೆಯಲ್ಲ. ಒಂದು ಚೂರೂ ಕೊಳೆ ತೆಗೆಯಲ್ಲ. ಅದು ಒಗೆದು ಜಾಲಿಸಿದ ಬಟ್ಟೆ ನೂಲಿನ ಮೇಲೆ ತೆಳ್ಳಗೆ ಜಿಡ್ಡಿನಂಥ ಒಂದು ಪದರ ಕೂರಿಸತ್ತೆ, ತಲೆಕೂದಲಿಗೆ ಕಂಡೀಷನರ್ ಹಾಕಿದ್ರೆ ಆಗತ್ತಲ್ಲ ಅದೇ ಕೆಲ್ಸ. ಆ ಪದರದಿಂದ ಬಟ್ಟೆ ಮೆತ್ತಗಾಗತ್ತೆ, ಸುಕ್ಕು ಕಮ್ಮಿ ಆಗತ್ತೆ, ಇಸ್ತ್ರಿ ಸುಲಭ ಆಗತ್ತೆ, ಚಳಿಗಾಲದಲ್ಲಿ ಪಾಲಿಯೆಸ್ಟರ್ ಚಟಚಟ ಅನ್ನೋದು ನಿಲ್ಲತ್ತೆ, ಘಮ ಆ ಪದರದ ಜೊತೆ ಬಟ್ಟೆಗೆ ಅಂಟ್ಕೊಂಡು ಉಳಿಯತ್ತೆ. ಕಾಟನ್ ಅಂಗಿ, ಪಂಚೆ, ಬೆಡ್‌ಶೀಟ್, ಜೀನ್ಸ್, ಇವಕ್ಕೆಲ್ಲ ಆರಾಮಾಗಿ ಹಾಕಿ.

ಟವೆಲಿಗೆ ಮಾತ್ರ ಬೇಡ. ಇದು ನಂಗೆ ಅನುಭವದಿಂದ ಗೊತ್ತಾಗಿದ್ದು. ಮದ್ವೆಯಾದ ಹೊಸದ್ರಲ್ಲಿ ಒಳ್ಳೇ ದಪ್ಪ ಟವೆಲ್ ನಾಲ್ಕು ತಗೊಂಡಿದ್ವಿ, ಪ್ರತಿ ಸಲ ಕಂಡೀಷನರ್ ಹಾಕಿ ಒಗೆದೆ, ಮೂರ್ನಾಲ್ಕು ತಿಂಗ್ಳಲ್ಲಿ ಟವೆಲ್ ಎಷ್ಟು ಮೆತ್ತಗಿತ್ತೋ ಅಷ್ಟೇ ಕೆಲ್ಸಕ್ಕೆ ಬಾರದ ಹಾಗಾಯ್ತು, ಮೈಮೇಲೆ ನೀರು ಅತ್ತಿಂದಿತ್ತ ಹರಿದಾಡತ್ತೆ, ಟವೆಲ್ ಒಳಗೆ ಹೋಗಲ್ಲ. ಒಂದು ಹನಿ ನೀರು ಅದ್ರ ಮೇಲೆ ಬಿಟ್ಟು ನೋಡಿದೆ, ಕೆಸುವಿನ ಎಲೆ ಮೇಲೆ ನಿಂತ ಹಾಗೆ ಗುಂಡಗೆ ನಿಂತ್ಕೊಂಡಿತ್ತು. ಆಮೇಲೆ ಎರಡು ಸಲ ಬಿಸಿನೀರಲ್ಲಿ ಕಂಡೀಷನರ್ ಇಲ್ದೆ ಒಗೆದೆ, ಒಂದ್ಸಲ ಜಾಲಿಸೋ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿದೆ, ಸರಿಹೋಯ್ತು. ವಿನೆಗರ್ ಹಾಕೋರು ಒಂದು ನೆನಪಿಡಿ, ಅದನ್ನ ಕ್ಲೋರಿನ್ ಬ್ಲೀಚ್ ಜೊತೆ ಯಾವತ್ತೂ ಸೇರಿಸಬೇಡಿ, ವಿಷದ ಗ್ಯಾಸ್ ಬರತ್ತೆ.

ಜಿಮ್ ಬಟ್ಟೆಗೂ ಬೇಡ, ಮೈಕ್ರೋಫೈಬರ್ ಬಟ್ಟೆಗೂ ಬೇಡ, ರೇನ್‌ಕೋಟ್ ಜಾಕೆಟಿಗೂ ಬೇಡ. ಬೆವರು ಹೀರಿ ಹೊರಗೆ ಬಿಡೋ ನೂಲಿನ ಮೇಲೆ ಆ ಪದರ ಕೂತ್ರೆ ಆ ಬಟ್ಟೆಗೆ ಕೊಟ್ಟ ದುಡ್ಡು ದಂಡ.

ಇನ್ನೊಂದು ದೊಡ್ಡ ತಪ್ಪು, ಡಿಟರ್ಜೆಂಟ್ ಜೊತೇಲೇ ಕಂಡೀಷನರ್ ಸುರಿಯೋದು. ಒಂದು ಋಣ ವಿದ್ಯುದಂಶದ್ದು, ಇನ್ನೊಂದು ಧನ ವಿದ್ಯುದಂಶದ್ದು, ಎರಡೂ ಒಂದನ್ನೊಂದು ಹಿಡ್ಕೊಂಡು ಕೂತ್ಬಿಡ್ತವೆ, ಒಗೆಯೋದೂ ಇಲ್ಲ ಮೆತ್ತಗಾಗೋದೂ ಇಲ್ಲ. ಅದ್ಕೇ ಮೆಷಿನಲ್ಲಿ ಹೂವಿನ ಗುರುತಿನ ಬೇರೆ ಖಾನೆ ಇರೋದು, ಕೊನೇ ಜಾಲಿಸೋ ನೀರಿಗೆ ಮೆಷಿನ್ನೇ ಅದನ್ನ ಬಿಡತ್ತೆ. ಖಾನೇಲಿ ಮ್ಯಾಕ್ಸ್ ಅಂತ ಗೆರೆ ಇರತ್ತೆ, ಅದಕ್ಕಿಂತ ಮೇಲೆ ಹಾಕಿದ್ರೆ ತಾನಾಗೇ ಮೊದಲೇ ಸೋರಿ ಹೋಗತ್ತೆ, ಜಾಸ್ತಿ ಹಾಕಿದ್ರೆ ಜಾಸ್ತಿ ಘಮ ಅಲ್ಲ. ಸೆಮಿ ಆಟೋಮ್ಯಾಟಿಕ್ ಇರೋರು, ಬಕೆಟಲ್ಲಿ ಒಗೆಯೋರು, ನೊರೆ ಪೂರ್ತಿ ಹೋಗೋವರೆಗೆ ಜಾಲಿಸಿ, ಆಮೇಲೆ ಅರ್ಧ ಬಕೆಟ್ ಹೊಸ ನೀರಿಗೆ ಬಾಟ್ಲಿ ಮೇಲೆ ಹೇಳಿದಷ್ಟು ಹಾಕಿ, ಐದು ಹತ್ತು ನಿಮಿಷ ಬಟ್ಟೆ ಅದ್ದಿಟ್ಟು, ಮತ್ತೆ ಜಾಲಿಸದೇ ಮೆಲ್ಲಗೆ ಹಿಂಡಿ ಒಣಗಾಕಿ. ಬಟ್ಟೆ ಮೇಲೆ ನೇರವಾಗಿ ಸುರಿಬೇಡಿ, ಕಲೆ ಕೂರತ್ತೆ.

ಖರ್ಚು ನೋಡೋದು ಹೇಗಂದ್ರೆ, ಬಾಟ್ಲಿ ಬೆಲೆ ನೋಡ್ಬೇಡಿ, ಒಂದ್ಸಲದ ಬೆಲೆ ನೋಡಿ. 860 ಮಿ.ಲೀ. ಬಾಟ್ಲಿಯಿಂದ ಸಲಕ್ಕೆ 40 ಮಿ.ಲೀ. ಹಾಕಿದ್ರೆ 21 ಸಲ ಬರತ್ತೆ, ಬೆಲೇನ 21ರಿಂದ ಭಾಗಿಸಿ. ಬಾಟ್ಲಿ ತಗೊಳ್ಳೋಕೂ ಮೊದ್ಲು ಸ್ಯಾಶೆ ತಗೊಂಡು ಒಂದು ಬೆಡ್‌ಶೀಟಿಗೆ ಹಾಕಿ ಆ ರಾತ್ರಿ ಅದ್ರ ಮೇಲೆ ಮಲಗಿ ನೋಡಿ. ಅಂಗಡೀಲಿ ಮುಚ್ಚಳ ತೆಗೆದು ಮೂಸಿದಾಗ ಚೆನ್ನಾಗಿದ್ದದ್ದು ಆರು ಗಂಟೆ ಮೂಗಿಗೆ ಹತ್ರ ಇದ್ರೆ ತಲೆನೋವು ತರಬಹುದು.

ಪರಿಮಳದ ಹರಳು

ಈಗ ಆನ್‌ಲೈನಲ್ಲಿ ಸಣ್ಣ ಸಣ್ಣ ಬಣ್ಣದ ಹರಳು ಸಿಗತ್ತೆ, ಸೆಂಟ್ ಬೂಸ್ಟರ್, ಸೆಂಟ್ ಬೀಡ್ಸ್ ಅಂತೆಲ್ಲ ಕರೀತಾರೆ. ಕೊಲ್ಲಿ ದೇಶದಲ್ಲಿರೋ ನನ್ನ ಕಸಿನ್ ಒಬ್ಬ ರಜೆಗೆ ಬಂದಾಗ ಚಾಕೊಲೇಟ್ ಜೊತೆ ಇದನ್ನೂ ಒಂದು ಡಬ್ಬಿ ತಂದಿದ್ದ. ನೋಡೋಕೆ ಸಬ್ಬಕ್ಕಿ ತರ. ಇದ್ರ ಬಹುಪಾಲು ನೀರಲ್ಲಿ ಕರಗೋ ಮೇಣದಂಥ ವಸ್ತು, ಅದಕ್ಕೆ ಸುಗಂಧ ಸೇರಿಸಿರ್ತಾರೆ. ಇದು ಒಗೆಯೋದೂ ಇಲ್ಲ, ಮೆತ್ತಗೆ ಮಾಡೋದೂ ಇಲ್ಲ, ಘಮ ಮಾತ್ರ. ಕಂಡೀಷನರ್ ಖಾನೆಗೆ ಹಾಕಬಾರದು, ಕಟ್ಕೊಳತ್ತೆ, ಖಾಲಿ ಡ್ರಮ್ಮಿಗೆ ಮೊದ್ಲು ಹಾಕಿ ಅದ್ರ ಮೇಲೆ ಬಟ್ಟೆ ಹಾಕ್ಬೇಕು. ಬಕೆಟಿಗೆ ಅಲ್ವೇ ಅಲ್ಲ, ಇದನ್ನ ಮಾಡಿರೋದೇ ಮೆಷಿನಿಗೆ.

ಕಂಡೀಷನರಿಗಿಂತ ಇದ್ರಲ್ಲಿ ಒಂದು ಅನುಕೂಲ ಇದೆ, ಆ ಜಿಡ್ಡಿನ ಪದರ ಇಲ್ಲ, ಹಾಗಾಗಿ ಟವೆಲ್ ನೀರು ಹೀರೋದನ್ನ ಅಷ್ಟು ಕೆಡಿಸಲ್ಲ. ಟವೆಲಿಗೆ ಘಮ ಬೇಕೇ ಬೇಕು ಅನ್ನೋರಿಗೆ ಇದು ವಾಸಿ. ನಂಗೆ ಮಾತ್ರ ದುಬಾರಿ ಅನ್ನಿಸ್ತು, ಘಮಾನೂ ಜೋರು, ಕಸಿನ್ ಕೊಟ್ಟ ಡಬ್ಬಿ ಮುಗಿದ ಮೇಲೆ ಮತ್ತೆ ತಗೊಂಡಿಲ್ಲ.

ವಾರ ಆದ್ರೂ ಘಮ ಹೋಗಲ್ಲ ಅಂತ ಹೇಳ್ಕೊಂಡು ಮಾರೋ ಕಂಡೀಷನರ್, ಹರಳು, ಪರಿಮಳದ ಡಿಟರ್ಜೆಂಟ್ ಇವೆಲ್ಲದ್ರ ಹಿಂದೆ ಹೆಚ್ಚಾಗಿ ಒಂದು ಯುಕ್ತಿ ಇದೆ. ಸುಗಂಧದ ಎಣ್ಣೇನ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆ ಒಳಗೆ ತುಂಬಿರ್ತಾರೆ, ಅದು ನೂಲಲ್ಲಿ ಸಿಕ್ಕಾಕೊಂಡಿರತ್ತೆ, ನೀವು ಅಂಗಿ ಹಾಕ್ಕೊಂಡು ಕೈ ಎತ್ತಿದಾಗ, ಬಟ್ಟೆಗೆ ಬಟ್ಟೆ ಉಜ್ಜಿದಾಗ ಒಂದೊಂದೇ ಒಡೆಯತ್ತೆ, ಅದ್ಕೇ ಮೂರು ದಿನ ಆದ್ಮೇಲೂ ಇದ್ದಕ್ಕಿದ್ದ ಹಾಗೆ ಘಮ್ಮಂತ ಬರತ್ತೆ. ಆ ಗುಳಿಗೆಯ ಸಿಪ್ಪೆ ಸಾಮಾನ್ಯವಾಗಿ ಒಂಥರಾ ಪ್ಲಾಸ್ಟಿಕ್. ಯುರೋಪ್ ಒಕ್ಕೂಟ 2023ರಲ್ಲಿ ಬೇಕಂತ ಸೇರಿಸೋ ಮೈಕ್ರೋಪ್ಲಾಸ್ಟಿಕ್ ಮೇಲೆ ನಿಷೇಧ ತಂದು, ಸುಗಂಧದ ಗುಳಿಗೆಗೆ 2029ರವರೆಗೆ ಟೈಮ್ ಕೊಟ್ಟಿದೆ, ಅಷ್ಟರಲ್ಲಿ ಮಣ್ಣಲ್ಲಿ ಕರಗೋ ಸಿಪ್ಪೆ ಹುಡುಕ್ಬೇಕು. ನಮ್ಮ ಮನೆ ಒಗೆದ ನೀರು ಕೊನೆಗೆ ಕೆರೆಗೇ ಹೋಗೋದು, ಬೆಳ್ಳಂದೂರು ಕೆರೆ ನೊರೆ ಕಣ್ಣಾರೆ ನೋಡಿದ ಮೇಲೆ ನಾನು ಈ ವಾರಗಟ್ಟಲೆ ಘಮದ ಆಸೆ ಬಿಟ್ಟೆ. ಎರಡು ದಿನದ ಘಮ ಸಾಕು.

ಬೆವರು ವಾಸನೆ, ಮಳೆಗಾಲದ ವಾಸನೆ

ಗಂಡಸರು ಘಮದ ಬಾಟ್ಲಿ ಹುಡುಕೋದೇ ಹೆಚ್ಚಾಗಿ ಈ ಎರಡನ್ನ ಮುಚ್ಚೋಕೆ. ಮುಚ್ಚೋಕೆ ಆಗಲ್ಲ, ತೆಗೀಬೇಕು.

ಜಿಮ್ ಟೀಶರ್ಟ್ ಒಗೆದು ಒಣಗಿಸಿ ಮೂಸಿದಾಗ ಏನೂ ಇರಲ್ಲ, ಹಾಕ್ಕೊಂಡು ಹತ್ತು ನಿಮಿಷ ಓಡಿದ್ರೆ ನಿನ್ನೆ ಬೆವರೆಲ್ಲ ಎದ್ದು ಬಂದ ಹಾಗೆ ಆಗತ್ತೆ. ನಿಮ್ಮ ಮೈ ವಾಸನೆ ಅಂತ ನಾಚ್ಕೋಬೇಡಿ, ಅದು ಪಾಲಿಯೆಸ್ಟರ್ ಗುಣ. ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದೋರು 2014ರಲ್ಲಿ ಜಿಮ್ ಕ್ಲಾಸ್ ಮುಗಿಸಿದೋರ ಕಾಟನ್ ಮತ್ತೆ ಪಾಲಿಯೆಸ್ಟರ್ ಟೀಶರ್ಟ್ ಹೋಲಿಸಿ ನೋಡಿದ್ರು, ಪಾಲಿಯೆಸ್ಟರ್ ಹೆಚ್ಚು ಕೆಟ್ಟ ವಾಸನೆ ಬರ್ತಿತ್ತು, ವಾಸನೆ ಎಬ್ಬಿಸೋ ಮೈಕ್ರೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ಅದ್ರ ಮೇಲೆ ಚೆನ್ನಾಗಿ ಬೆಳೆದಿತ್ತು. ಪಾಲಿಯೆಸ್ಟರ್ ನೀರು ಹೀರಲ್ಲ ಆದ್ರೆ ಜಿಡ್ಡು ಹಿಡ್ಕೊಳತ್ತೆ. ಇದ್ರ ಮೇಲೆ ಕಂಡೀಷನರ್ ಪದರ ಹಾಕಿದ್ರೆ ಜಿಡ್ಡಿಗೆ ಇನ್ನೊಂದು ಹೊದಿಕೆ ಕೊಟ್ಟ ಹಾಗೆ. ಮಾಡ್ಬೇಕಾದ್ದು ಏನಂದ್ರೆ, ಮನೆಗೆ ಬಂದ ತಕ್ಷಣ ಬ್ಯಾಗಿಂದ ತೆಗೆದು ಹರವಿ, ಒದ್ದೆ ಮುದ್ದೆ ಬಿಡ್ಬೇಡಿ, ಒಗೆಯುವಾಗ ಒಳಗೆ ಹೊರಗೆ ತಿರುಗಿಸಿ, ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಹಾಕಿ ಆಮೇಲೆ ಒಗೀರಿ. ಇಲ್ಲಾ ಜಿಮ್ಮಿಗೆ ಕಾಟನ್ ಹಾಕಿ, ಅದು ಒದ್ದೆ ಆಗಿ ಭಾರ ಆಗತ್ತೆ ನಿಜ, ಒಗೆದ್ರೆ ಮಾತ್ರ ವಾಸನೆ ಬಿಟ್ಟು ಕೊಡತ್ತೆ.

ಕಂಕುಳ ಹಳದಿ ಕಲೆ ಬರೀ ಬೆವರಲ್ಲ, ಬೆವರು ತಡೆಯೋ ಡಿಯೋಡರೆಂಟಲ್ಲಿರೋ ಅಲ್ಯೂಮಿನಿಯಂ ಬೆವರಿನ ಜೊತೆ ಸೇರಿ ಆಗೋದು. ಅದಕ್ಕೆ ಕ್ಲೋರಿನ್ ಬ್ಲೀಚ್ ಹಾಕಿದ್ರೆ ಇನ್ನೂ ಹಳದಿ ಆಗತ್ತೆ.

ಮಳೆಗಾಲದ ಮುಗ್ಗು ವಾಸನೆ ಬೇರೇದು. ತೀರ್ಥಹಳ್ಳಿ ಕಡೆಯೋರಿಗೆ, ಮಂಗ್ಳೂರು ಕಡೆಯೋರಿಗೆ ನಾನು ಹೇಳೋದು ಏನೂ ಇಲ್ಲ, ಜೂನಿಂದ ಸೆಪ್ಟೆಂಬರ್‌ವರೆಗೆ ಒಂದು ಬನಿಯನ್ ಒಣಗೋಕೆ ಮೂರು ದಿನ, ಹಂಡೆ ಒಲೆ ಹತ್ರ ಹಗ್ಗ ಕಟ್ಟಿ ಬೆಚ್ಚಗೆ ಒಣಗಿಸೋದು ಅವ್ರಿಗೆ ಗೊತ್ತಿದ್ದ ಉಪಾಯ. ಈ ವಾಸನೆಗೆ ಕಾರಣ ಮೊರಾಕ್ಸೆಲ್ಲಾ ಆಸ್ಲೋಯೆನ್ಸಿಸ್ ಅನ್ನೋ ಬ್ಯಾಕ್ಟೀರಿಯಾ ಅಂತ ಜಪಾನಿನೋರು 2012ರಲ್ಲಿ ಕಂಡುಹಿಡಿದ್ರು, ಅದು ಒಣಗೋದನ್ನೂ ತಡ್ಕೊಂಡು ಬದುಕತ್ತೆ, ಹಾಗಾಗಿ ಒಣಗಿದ ಟವೆಲ್ ಮತ್ತೆ ಒದ್ದೆ ಆದ ತಕ್ಷಣ ವಾಸನೆ ಎದ್ದು ಬರತ್ತೆ. ಇದ್ರ ಮೇಲೆ ಲ್ಯಾವೆಂಡರ್ ಸುರಿದ್ರೆ ಲ್ಯಾವೆಂಡರ್ ಮತ್ತೆ ಮುಗ್ಗು ಎರಡೂ ಬರತ್ತೆ, ಅದಕ್ಕಿಂತ ಕೆಟ್ಟ ವಾಸನೆ ಇಲ್ಲ. ಕಾಟನ್ ಟವೆಲ್ ಬನಿಯನ್ ಆದ್ರೆ 60 ಡಿಗ್ರಿ ನೀರಲ್ಲಿ ಒಗೀರಿ, ಮೆಷಿನಲ್ಲಿ ಬಿಸಿನೀರಿಲ್ಲ ಅಂದ್ರೆ ಬಕೆಟಲ್ಲಿ ಬಿಸಿನೀರು ಪೌಡರ್ ಹಾಕಿ ನೆನೆಸಿ. ಒಗೆದ ಬಟ್ಟೇನ ಮೆಷಿನ್ ಒಳಗೆ ರಾತ್ರಿಯಿಡೀ ಬಿಡಬೇಡಿ. ಒಣಗಾಕುವಾಗ ನಡುವೆ ಒಂದು ಗೇಣು ಜಾಗ ಬಿಡಿ, ಫ್ಯಾನ್ ಹಾಕಿ, ಬೇಗ ಒಣಗಿದ್ರೆ ವಾಸನೆ ಹುಟ್ಟೋಕೆ ಟೈಮೇ ಸಿಗಲ್ಲ. ಮೆಷಿನ್ ಬಾಗಿಲಿನ ರಬ್ಬರ್ ಮಡಿಕೆ ಬೆರಳಲ್ಲಿ ಬಿಡಿಸಿ ನೋಡಿ, ಅಲ್ಲಿ ಕಪ್ಪಗೆ ಲೋಳೆ ಕಟ್ಟಿದ್ರೆ ಎಷ್ಟು ದುಬಾರಿ ಲಿಕ್ವಿಡ್ ತಂದ್ರೂ ಅಷ್ಟೇ. ಒರೆಸಿ, ತಿಂಗಳಿಗೊಂದ್ಸಲ ಖಾಲಿ ಮೆಷಿನ್ ಬಿಸಿನೀರಲ್ಲಿ ಓಡಿಸಿ.

ಹೊರಗೆ ಕೊಡೋದಾ, ಮನೇಲೇ ಒಗೆಯೋದಾ

ಕೆಜಿ ಲೆಕ್ಕದ ಲಾಂಡ್ರಿ ಈಗ ಬೆಂಗ್ಳೂರು ಮೈಸೂರು ಹುಬ್ಳಿ ಎಲ್ಲಾ ಕಡೆ ಇದೆ. ಬ್ಯಾಚುಲರ್ಸಿಗೆ ಅನುಕೂಲ ನಿಜ. ನನ್ನ ಮಟ್ಟಿಗೆ ಬೆಡ್‌ಶೀಟ್, ರಗ್ಗು, ಜೀನ್ಸ್ ಅಲ್ಲಿಗೆ ಕೊಡಿ, ಒಳಬಟ್ಟೆ, ಜಿಮ್ ಬಟ್ಟೆ, ಮಕ್ಕಳ ಬಟ್ಟೆ ಮನೇಲೇ ಒಗೀರಿ. ಕೊಡುವಾಗ ಯಾವ ಲಿಕ್ವಿಡ್ ಹಾಕ್ತೀರ, ಸೆಂಟ್ ಹಾಕ್ತೀರಾ ಅಂತ ಕೇಳಿ, ಬೇಡ ಅಂದ್ರೆ ಚೀಟೀಲಿ ಬರೆಸಿ. ಒಂದು ಕಡೆ ನಂಗೆ ಹೇಳದೇ ಕೇಳದೇ ಜೋರು ಸೆಂಟ್ ಹಾಕಿ ಕೊಟ್ಟಿದ್ರು, ಮಗಳ ಕುತ್ತಿಗೆ ಮೇಲೆ ಕೆಂಪು ಗುಳ್ಳೆ ಎದ್ದು ಒಂದು ವಾರ ಹೋಗ್ಲಿಲ್ಲ. ನಿಮ್ಮ ಬೀದೀಲಿ ಗಾಡಿ ಇಟ್ಕೊಂಡು ಇಸ್ತ್ರಿ ಮಾಡೋರು ಇದ್ರೆ, ಇಸ್ತ್ರಿ ಅವ್ರಿಗೇ ಕೊಡಿ, ಕೆಂಡದ ಇಸ್ತ್ರಿ ಪೆಟ್ಟಿಗೆಯ ತೂಕಕ್ಕೆ ಕಾಟನ್ ಅಂಗಿ ಕೂರೋ ಹಾಗೆ ಮನೆ ಕರೆಂಟ್ ಇಸ್ತ್ರೀಲಿ ಕೂರಲ್ಲ.

ಯಾರಿಗೆ ಘಮ ಬೇಡವೇ ಬೇಡ

ಮನೇಲಿ ಕೂಸಿದ್ರೆ, ಯಾರಿಗಾದ್ರೂ ಅಸ್ತಮಾ, ಎಕ್ಸಿಮಾ, ಅರೆತಲೆನೋವು ಇದ್ರೆ, ಪರಿಮಳ ಇಲ್ಲದ ಡಿಟರ್ಜೆಂಟ್ ತಗೊಂಡು ಒಂದ್ಸಲ ಜಾಸ್ತಿ ಜಾಲಿಸಿ, ಅಷ್ಟೇ. ಲಿನಲೂಲ್, ಲಿಮೊನೀನ್ ಅಂತ ಲೇಬಲ್ ಮೇಲೆ ಬರೆದಿದ್ರೆ ಅವು ಸುಗಂಧದ ವಸ್ತುಗಳು, ಕೆಲವ್ರ ಚರ್ಮಕ್ಕೆ ಆಗಲ್ಲ. ಹೂವಿಂದ ತೆಗೆದಿದ್ದು, ನ್ಯಾಚುರಲ್ ಅಂತ ಬರೆದಿದ್ರೂ ಅದೇ ಮಾತು. ಒಬ್ಬನೇ ಇರೋನು ತನಗೆ ಬೇಕಾದ ಘಮ ಹಾಕ್ಕೊಳ್ಳಿ, ನಾಲ್ಕು ಜನ ಇರೋ ಮನೇಲಿ ಬಾಟ್ಲಿ ತರೋಕೂ ಮೊದ್ಲು ಉಳಿದ ಮೂರು ಜನರನ್ನ ಕೇಳಿ.

ಇನ್ನು ಒಂದೇ ಉಸಿರಲ್ಲಿ ಕೇಳೋರಿಗೆ: ಪೀಜೀಲಿ ಬಕೆಟಲ್ಲಿ ಒಗೆಯೋ ಹುಡುಗ್ರು ಒಂದು ಬಾರು, ಒಂದು ಸಾಧಾರಣ ಪೌಡರ್, ಇಂಟರ್‌ವ್ಯೂ ಅಂಗಿಗೆ ಅಂತ ಎರಡು ಸ್ಯಾಶೆ ಕಂಡೀಷನರ್ ಇಟ್ಕೊಳ್ಳಿ ಸಾಕು. ಮೆಷಿನ್ ಇರೋ ಆಫೀಸ್ ಜನ ಬಣ್ಣದ್ದಕ್ಕೆ ಲಿಕ್ವಿಡ್, ಬಿಳಿದಕ್ಕೆ ಪೌಡರ್, ಹೀಗೆ ಎರಡು ಇಟ್ಕೊಂಡ್ರೆ ಬಟ್ಟೆ ಎರಡು ವರ್ಷ ಜಾಸ್ತಿ ಬಾಳತ್ತೆ ಅಂತ ನನ್ನ ಅನುಭವ. ಓಡೋರು ಆಡೋರು ಲಿಕ್ವಿಡ್ ಮಾತ್ರ. ನಿವೃತ್ತರಾಗಿ ಹೊಸದಾಗಿ ಶುರು ಮಾಡಿರೋ ನಮ್ಮಪ್ಪನಂಥವ್ರಿಗೆ ಒಂದೇ ಪೌಡರ್, ಒಂದೇ ಕಂಡೀಷನರ್, ಅಳತೆ ಗೆರೆಗೆ ಮಾರ್ಕರಲ್ಲಿ ದಪ್ಪ ಗೀಟು ಎಳೆದು ಕೊಡಿ.

ಬಿಸಿಲು ಇರೋ ಕಡೆ ಇದ್ರೆ ಇನ್ನೊಂದು ಆಯ್ಕೆ ಇದೆ, ಅದಕ್ಕೆ ದುಡ್ಡಿಲ್ಲ. ಬಿಸಿಲಲ್ಲಿ ಒಣಗಿದ ಬಟ್ಟೆಗೆ ಒಂದು ವಾಸನೆ ಇರತ್ತಲ್ಲ, ಅದು ಬರೀ ಭ್ರಮೆ ಅಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದೋರು ಒದ್ದೆ ಟವೆಲ್‌ಗಳನ್ನ ಒಳಗೆ, ನೆರಳಲ್ಲಿ, ಬಿಸಿಲಲ್ಲಿ ಒಣಗಿಸಿ ನೋಡಿ 2020ರಲ್ಲಿ ಬರೆದ್ರು, ಬಿಸಿಲಲ್ಲಿ ಒಣಗಿದ್ರ ಮೇಲೆ ಮಾತ್ರ ಆಲ್ಡಿಹೈಡ್, ಕೀಟೋನ್ ಅನ್ನೋ ಕೆಲವು ರಾಸಾಯನಿಕಗಳು ಹುಟ್ಟಿದ್ವು, ಅಂಥವು ಸುಗಂಧ ದ್ರವ್ಯಗಳಲ್ಲೂ ಇರ್ತವೆ.

ಹೋದ ತಿಂಗ್ಳು ಊರಿಗೆ ಹೋದಾಗ ಅಪ್ಪಂಗೆ ಟವೆಲಿಗೆ ಕಂಡೀಷನರ್ ಬೇಡ ಅಂತ ಹೇಳಿ, ನನ್ನ ಹನಿ ನೀರಿನ ಪರೀಕ್ಷೆ ಅವ್ರದೇ ಟವೆಲ್ ಮೇಲೆ ಮಾಡಿ ತೋರಿಸ್ದೆ. ಬಗ್ಗಿ ನೋಡಿದ್ರು, ಹನಿ ನಿಂತೇ ಇತ್ತು. ಮಾರನೇ ಬೆಳಿಗ್ಗೆ ಬರೀ ಪೌಡರ್ ಹಾಕಿ ಬಿಸಿನೀರಲ್ಲಿ ಒಗೆದು ಟೆರೇಸಲ್ಲಿ ಹಾಕಿದ್ರು. ಮಧ್ಯಾಹ್ನ ಎರಡು ಗಂಟೆಗೆ ಹಪ್ಪಳದ ಹಾಗೆ ಗರಿಗರಿ ಆಗಿತ್ತು ಟವೆಲ್, ಅದನ್ನ ಹಾಗೇ ತಂದು ಅಮ್ಮನ ಕೈಗೆ ಕೊಟ್ಟು "ಮೂಸಿ ನೋಡು" ಅಂದ್ರು. ಅಮ್ಮ ಮುಖಕ್ಕೆ ಹಿಡ್ಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ರು, ಆಮೇಲೆ "ನಾನು ಒಗೀತಿದ್ದಾಗಿನ ವಾಸ್ನೆ ಇದು" ಅಂದ್ರು.